ಗುಂಡಿ ಇರುವ ಫೋನ್ ಮತ್ತೆ ಬಂದಿದೆ: ಕಮ್ಯುನಿಕೇಟರ್ ಮತ್ತು ಟೈಟನ್ 2 ನಡುವೆ ಯಾವುದು, ಯಾರಿಗೆ?

2026ರ ಜನವರಿಯಿಂದ ಈಚೆಗೆ ಮೊಬೈಲ್ ಸುದ್ದಿ ಓದುವವರಲ್ಲಿ ಒಂದು ಗೊಂದಲ ಹುಟ್ಟಿಕೊಂಡಿದೆ. ಬ್ಲ್ಯಾಕ್‌ಬೆರಿ ತರಹದ ಗುಂಡಿ ಫೋನ್ ಮತ್ತೆ ಬರುತ್ತಿದೆಯಂತೆ ಅಂತ ಒಬ್ಬರು ಹೇಳುತ್ತಾರೆ. ಬರುವುದೇನು, ಹೋದ ವರ್ಷವೇ ಬಂದಾಯ್ತಲ್ಲ ಅಂತ ಇನ್ನೊಬ್ಬರು. ಇಬ್ಬರ ಮಾತೂ ನಿಜ. ಆದರೆ ಇಬ್ಬರೂ ಬೇರೆ ಬೇರೆ ಫೋನಿನ ಬಗ್ಗೆ ಮಾತಾಡುತ್ತಿದ್ದಾರೆ.

2025ರಲ್ಲಿ ಬಂದಿದ್ದು ಯೂನಿಹರ್ಟ್ಸ್ ಕಂಪನಿಯ ಟೈಟನ್ 2. ಈ ಜನವರಿಯಲ್ಲಿ ಘೋಷಣೆಯಾಗಿದ್ದು ಕ್ಲಿಕ್ಸ್ ಕಂಪನಿಯ ಕಮ್ಯುನಿಕೇಟರ್. ಸಾಲದ್ದಕ್ಕೆ ಅದೇ ತಿಂಗಳು ಯೂನಿಹರ್ಟ್ಸ್ ತನ್ನ ಇನ್ನೊಂದು ಫೋನಿನ ಸುಳಿವು ಬಿಟ್ಟಿತು, ಅದರ ಹೆಸರು ಟೈಟನ್ 2 ಎಲೀಟ್. ಇವುಗಳಲ್ಲಿ ಯಾವುದೂ ಬ್ಲ್ಯಾಕ್‌ಬೆರಿ ಕಂಪನಿಯದ್ದಲ್ಲ. ಚಿತ್ರ ನೋಡಿದರೆ ಮಾತ್ರ ಎಲ್ಲವೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ: ಮೇಲೆ ಚಿಕ್ಕ ಪರದೆ, ಕೆಳಗೆ ಸಾಲು ಸಾಲು ಅಕ್ಷರದ ಗುಂಡಿ, ಒಳಗೆ ಆಂಡ್ರಾಯ್ಡ್.

ಮೊದಲ ಎರಡನ್ನು ಪಕ್ಕಪಕ್ಕ ಇಟ್ಟು ನೋಡೋಣ. ಬರೀ ಕ್ಯಾಮೆರಾ, ಬ್ಯಾಟರಿ ಅಂಕಿಗಳನ್ನು ಹೋಲಿಸಿದರೆ ಇಲ್ಲಿ ಉತ್ತರ ಸಿಗುವುದಿಲ್ಲ. ಗುಂಡಿ ಫೋನ್‌ಗಳು ಹಿಂದೆ ಸೋತಿದ್ದು ಕೊಂಡ ದಿನದಲ್ಲಲ್ಲ, ಕೊಂಡು ಎರಡು ವರ್ಷ ಆದ ಮೇಲೆ.

ಎರಡು ಫೋನ್, ಎರಡು ಉದ್ದೇಶ

ಟೈಟನ್ 2ರಿಂದ ಶುರು ಮಾಡೋಣ. ಯೂನಿಹರ್ಟ್ಸ್ ಶಾಂಘಾಯ್‌ನ ಕಂಪನಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಜೆಲ್ಲಿ ಫೋನ್‌ಗಳನ್ನು ಮಾಡಿ ಹೆಸರು ಮಾಡಿದವರು. ಗುಂಡಿ ಫೋನ್ ಇವರಿಗೆ ಹೊಸದಲ್ಲ. 2019ರಲ್ಲಿ ಟೈಟನ್, 2021ರಲ್ಲಿ ಟೈಟನ್ ಪಾಕೆಟ್, 2022ರಲ್ಲಿ ಟೈಟನ್ ಸ್ಲಿಮ್ ಮಾಡಿದ್ದರು. ಟೈಟನ್ 2ಗೆ 4.5 ಇಂಚಿನ ಚೌಕ ಪರದೆ, 1440ಕ್ಕೆ 1440 ಪಿಕ್ಸೆಲ್. ಈ ಅಳತೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? 2014ರ ಬ್ಲ್ಯಾಕ್‌ಬೆರಿ ಪಾಸ್‌ಪೋರ್ಟ್‌ನ ಪರದೆಯೂ ಇದೇ ಅಳತೆಯದು, ಇಷ್ಟೇ ಪಿಕ್ಸೆಲ್. ಒಳಗೆ ಮೀಡಿಯಾಟೆಕ್ ಡೈಮೆನ್ಸಿಟಿ 7300 ಚಿಪ್, 12 ಜಿಬಿ ರ್‍ಯಾಮ್, 512 ಜಿಬಿ ಸ್ಟೋರೇಜ್, 5050 ಎಂಎಎಚ್ ಬ್ಯಾಟರಿ. ಬೆನ್ನ ಮೇಲೆ ಎರಡು ಇಂಚಿನ ಇನ್ನೊಂದು ಪುಟ್ಟ ಪರದೆ ಇದೆ. ಫೋನ್ ಮಗುಚಿ ಇಟ್ಟಾಗಲೂ ಅದರಲ್ಲಿ ಸಮಯ, ನೋಟಿಫಿಕೇಶನ್ ನೋಡಬಹುದು. ಜನರಿಂದ ಮೊದಲೇ ಹಣ ಸೇರಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಮೊದಲು ಬಂದವರಿಗೆ 269 ಡಾಲರ್‌ಗೆ ಸಿಕ್ಕಿತ್ತು, ಮಾಮೂಲಿ ಬೆಲೆ ಸುಮಾರು 400 ಡಾಲರ್.

ಕಮ್ಯುನಿಕೇಟರ್ ಮಾಡುತ್ತಿರುವ ಕ್ಲಿಕ್ಸ್ ಕಂಪನಿಗೆ ಇದು ಮೊದಲ ಫೋನ್. 2024ರ ಜನವರಿಯಲ್ಲಿ ಇವರು ಐಫೋನ್‌ಗೆ ಕೆಳಗಿನಿಂದ ತೊಡಿಸುವ ಕೀಬೋರ್ಡ್ ಕವರ್ ತಂದಿದ್ದರು. ಹಿಂದಿರುವವರಲ್ಲಿ ಯೂಟ್ಯೂಬ್‌ನ ಮಿಸ್ಟರ್ ಮೊಬೈಲ್ ಚಾನೆಲ್‌ನ ಮೈಕಲ್ ಫಿಶರ್ ಮತ್ತು ಬ್ಲ್ಯಾಕ್‌ಬೆರಿ ಅಭಿಮಾನಿಗಳ ತಾಣ ಕ್ರ್ಯಾಕ್‌ಬೆರಿ ಕಟ್ಟಿದ ಕೆವಿನ್ ಮಿಚಲುಕ್ ಇದ್ದಾರೆ, ಇಬ್ಬರೂ ಬ್ಲ್ಯಾಕ್‌ಬೆರಿಯನ್ನು ಹತ್ತಿರದಿಂದ ನೋಡಿ ಬೆಳೆದವರು. ಇದರ ಪರದೆ 4.03 ಇಂಚಿನ ಒಎಲ್‌ಇಡಿ, ಬ್ಯಾಟರಿ 4000 ಎಂಎಎಚ್, ಸ್ಟೋರೇಜ್ 256 ಜಿಬಿ. ಮೆಮೊರಿ ಕಾರ್ಡ್ ಹಾಕಬಹುದು. ಇಯರ್‌ಫೋನ್ ಸಿಕ್ಕಿಸುವ 3.5 ಎಂಎಂ ಜ್ಯಾಕ್ ಕೂಡ ಇದೆ, ಈ ಕಾಲದಲ್ಲಿ ಇದು ಅಪರೂಪ. ಸ್ಪೇಸ್ ಗುಂಡಿಯಲ್ಲೇ ಬೆರಳಚ್ಚು ಓದುವ ಸೆನ್ಸರ್. ಪಕ್ಕದಲ್ಲಿ ಬಣ್ಣ ಬದಲಿಸುವ ದೀಪದ ಗುಂಡಿ: ಯಾರ ಮೆಸೇಜ್ ಬಂದರೆ ಯಾವ ಬಣ್ಣ ಅಂತ ನೀವೇ ಹೊಂದಿಸಿಕೊಳ್ಳಬಹುದು. ಬೆಲೆ 499 ಡಾಲರ್. ಫೆಬ್ರವರಿ ಕೊನೆಯೊಳಗೆ 199 ಡಾಲರ್ ಮುಂಗಡ ಕಟ್ಟಿದವರಿಗೆ ಒಟ್ಟು 399 ಅಂತ ಹೇಳಿದ್ದರು. ಫೋನ್ ಕೈಗೆ ಸಿಗುವುದು ಈ ವರ್ಷದ ಮುಂದಿನ ದಿನಗಳಲ್ಲಿ.

ಅಂದರೆ ಒಂದು ಈಗಾಗಲೇ ಜನರ ಜೇಬಿನಲ್ಲಿರುವ ಫೋನ್, ಇನ್ನೊಂದು ಕಂಪನಿ ಕೊಟ್ಟಿರುವ ಮಾತು. ಹೋಲಿಕೆಯ ಉದ್ದಕ್ಕೂ ಇದನ್ನು ಮರೆಯಬಾರದು.

ಗುಂಡಿಗಳು ಯಾಕೆ ಹೋದವು

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉತ್ತರ ಒಂದಿದೆ: ಐಫೋನ್ ಬಂತು, ಗುಂಡಿಗಳು ಹೋದವು. ಇದು ಅರ್ಧ ಸತ್ಯ. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದಾಗ ಗುಂಡಿ ಫೋನ್‌ಗಳ ಮೇಲೆ ಒಂದು ಗಟ್ಟಿ ಆಕ್ಷೇಪ ಎತ್ತಿದ್ದರು. ಈ ಪ್ಲಾಸ್ಟಿಕ್ ಗುಂಡಿಗಳು ಬೇಕಿರಲಿ ಬೇಡದಿರಲಿ ಅಲ್ಲೇ ಕೂತಿರುತ್ತವೆ, ಒಂದೊಂದು ಆ್ಯಪ್‌ಗೆ ಒಂದೊಂದು ಬಗೆಯ ಗುಂಡಿ ಬೇಕಾದರೂ ಬದಲಿಸುವ ಹಾಗಿಲ್ಲ ಅನ್ನುವುದು ಅದರ ಸಾರ. ಈ ಮಾತಿನಲ್ಲಿ ಹುರುಳಿತ್ತು. ಸಿನಿಮಾ ನೋಡುವಾಗ, ಮ್ಯಾಪ್ ನೋಡುವಾಗ ಗುಂಡಿಗಳು ಜಾಗ ತಿನ್ನುತ್ತವೆ, ಅಷ್ಟೇ.

ಆದರೂ ಗುಂಡಿ ಫೋನ್‌ಗಳು ಮರುದಿನವೇ ಸಾಯಲಿಲ್ಲ. ಐಫೋನ್ ಬಂದ ಮೇಲೂ ಬ್ಲ್ಯಾಕ್‌ಬೆರಿ ನಾಲ್ಕು ವರ್ಷ ಬೆಳೆಯುತ್ತಲೇ ಹೋಯಿತು. ನೋಕಿಯಾ 2008ರಲ್ಲಿ ಇ71, 2009ರಲ್ಲಿ ಇ72 ಮಾಡಿತು. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ, ಕಚೇರಿ ಕೆಲಸಕ್ಕೆ ಹೇಳಿ ಮಾಡಿಸಿದ ಫೋನ್‌ಗಳು. ಇವನ್ನೆಲ್ಲ ಹಿಂದೆ ಹಾಕಿದ್ದು ಆ್ಯಪ್‌ಗಳು. ಆ್ಯಪ್ ಮಾಡುವವರು ಆಂಡ್ರಾಯ್ಡ್ ಮತ್ತು ಐಫೋನ್‌ಗೆ ಮೊದಲು ಮಾಡಿದರು. ಬ್ಲ್ಯಾಕ್‌ಬೆರಿಗೆ, ನೋಕಿಯಾ ಫೋನ್‌ಗಳೊಳಗಿನ ಸಿಂಬಿಯನ್‌ಗೆ ಆಮೇಲೆ ನೋಡೋಣ ಅಂದರು. ಆ್ಯಪ್ ಇಲ್ಲ ಅಂತ ಜನ ಬಿಟ್ಟರು, ಜನ ಇಲ್ಲ ಅಂತ ಆ್ಯಪ್ ಮಾಡುವವರೂ ಬಿಟ್ಟರು. ಈ ಸುಳಿಗೆ ಸಿಕ್ಕಿ ಬ್ಲ್ಯಾಕ್‌ಬೆರಿ 2016ರ ಸೆಪ್ಟೆಂಬರ್‌ನಲ್ಲಿ ಸ್ವಂತ ಫೋನ್ ಮಾಡುವುದನ್ನೇ ನಿಲ್ಲಿಸಿತು.

ಆಮೇಲಿನ ಕಥೆ ಇವತ್ತಿನ ಪ್ರಶ್ನೆಗೆ ಜಾಸ್ತಿ ಹತ್ತಿರದ್ದು. ಬ್ಲ್ಯಾಕ್‌ಬೆರಿ ತನ್ನ ಹೆಸರನ್ನು ಚೀನಾದ ಟಿಸಿಎಲ್ ಕಂಪನಿಗೆ ಪರವಾನಗಿ ಮೇಲೆ ಕೊಟ್ಟಿತು. ಭಾರತಕ್ಕೆ ಆಪ್ಟಿಮಸ್ ಅನ್ನುವ ಕಂಪನಿಗೆ ಬೇರೆಯೇ ಪರವಾನಗಿ. 2017ರ ಆಗಸ್ಟ್‌ನಲ್ಲಿ ಕೀವನ್ ಅನ್ನುವ ಬ್ಲ್ಯಾಕ್‌ಬೆರಿ ಗುಂಡಿ ಫೋನ್ ಇಲ್ಲಿ 39,990 ರೂಪಾಯಿಗೆ ಬಂತು. 2018ರ ಜುಲೈನಲ್ಲಿ ಕೀ2, 42,990 ರೂಪಾಯಿ. ಅದೇ ಅಕ್ಟೋಬರ್‌ನಲ್ಲಿ ಕೀ2 ಎಲ್‌ಇ, 29,990. ಇವು ಆಂಡ್ರಾಯ್ಡ್ ಫೋನ್‌ಗಳು, ಹಾಗಾಗಿ ಆ್ಯಪ್ ಇಲ್ಲ ಅನ್ನುವ ಕೊರತೆಯೇ ಇರಲಿಲ್ಲ. ಕೀಬೋರ್ಡ್ ಚೆನ್ನಾಗಿತ್ತು. ಬ್ಯಾಟರಿಯೂ ಚೆನ್ನಾಗಿತ್ತು. ಆದರೂ ನಿಲ್ಲಲಿಲ್ಲ. 2020ರ ಫೆಬ್ರವರಿಯಲ್ಲಿ ಟಿಸಿಎಲ್, ಆಗಸ್ಟ್ 31ರ ನಂತರ ತಾನು ಬ್ಲ್ಯಾಕ್‌ಬೆರಿ ಫೋನ್ ಮಾರುವುದಿಲ್ಲ ಅಂತ ಹೇಳಿತು. ಆಂಡ್ರಾಯ್ಡ್ 8.1 ಜೊತೆ ಬಂದ ಕೀ2ಗೆ ಆಂಡ್ರಾಯ್ಡ್ 9 ಬರಲೇ ಇಲ್ಲ.

ನಲವತ್ತು ಸಾವಿರ ಕೊಟ್ಟು ಕೊಂಡ ಫೋನ್ ಕೈಯಲ್ಲಿ ಚೆನ್ನಾಗಿಯೇ ಇದೆ, ಗುಂಡಿಗಳು ಸವೆದಿಲ್ಲ, ಆದರೆ ಒಳಗಿನ ಸಾಫ್ಟ್‌ವೇರ್ ಹಳತಾಗುತ್ತಾ ಹೋಯಿತು. ಇಂಥ ಫೋನ್ ನಂಬಿ ಕೊಂಡವರಿಗೆ ಅದು ನಿಜವಾಗಿಯೂ ನೋವಿನ ವಿಷಯ.

ಮತ್ತೆ ಈಗ ಯಾಕೆ

ದೊಡ್ಡ ಕಂಪನಿಗಳಿಗೆ ಒಂದು ಮಾಡೆಲ್ ಲಕ್ಷಗಟ್ಟಲೆ ಹೋಗಬೇಕು, ಇಲ್ಲವಾದರೆ ಅಚ್ಚು ಮಾಡಿಸಿದ ಖರ್ಚೂ ಹುಟ್ಟುವುದಿಲ್ಲ. ಗುಂಡಿ ಫೋನ್ ಬೇಕು ಅನ್ನುವವರು ಜಗತ್ತಿನಲ್ಲೆಲ್ಲ ಚದುರಿ ಹೋಗಿದ್ದಾರೆ, ಒಂದು ಊರಿಗೆ ಬೆರಳೆಣಿಕೆಯಷ್ಟು. ಇವರಿಗಾಗಿ ಅಂಗಡಿ ಅಂಗಡಿಗೆ ಸ್ಟಾಕ್ ಇಡಲು ಆಗುವುದಿಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿ, ಮೊದಲೇ ದುಡ್ಡು ತಗೊಂಡು, ಬಂದ ಆರ್ಡರ್ ನೋಡಿಕೊಂಡು ಫೋನ್ ಮಾಡಿಸಬಹುದು. ಚಿಪ್, ಪರದೆ, ಕ್ಯಾಮೆರಾ ಎಲ್ಲವೂ ಚೀನಾದ ಶೆನ್‌ಜೆನ್ ಸುತ್ತಮುತ್ತ ತಯಾರಾಗಿ ಸಿಗುತ್ತವೆ. ಚಿಕ್ಕ ಕಂಪನಿಗಳು ಈ ದಾರಿ ಹಿಡಿದವು.

ಇದರ ಜೊತೆ ಜನರ ಮನಸ್ಸೂ ಸ್ವಲ್ಪ ಬದಲಾಗಿದೆ. ಮೆಸೇಜ್ ನೋಡಲು ಫೋನ್ ತೆಗೆದವರು ಅರ್ಧ ಗಂಟೆ ರೀಲ್ಸ್ ನೋಡಿ ಇಡುತ್ತಾರೆ. ಇದು ಬೇಸರ ತಂದಿದೆ. ಕೀಬೋರ್ಡ್ ಜೊತೆ ಇ-ಇಂಕ್ ಪರದೆ, ಅಂದರೆ ಕಾಗದದ ಹಾಗೆ ಕಾಣುವ ಕಪ್ಪುಬಿಳುಪು ಪರದೆ ಇಟ್ಟ ಮಿನಿಮಲ್ ಫೋನ್ ಇದೇ ಬೇಸರದಿಂದ ಹುಟ್ಟಿದ್ದು. ಹಳೆಯ ಬ್ಲ್ಯಾಕ್‌ಬೆರಿ ಕ್ಲಾಸಿಕ್‌ನ ಹೊರಮೈ ಉಳಿಸಿಕೊಂಡು, ಒಳಗೆ ಹೊಸ ಬೋರ್ಡ್ ಹಾಕಿ, ಆಂಡ್ರಾಯ್ಡ್ ಓಡಿಸುವ ಜಿನ್ವಾ ಕ್ಯೂ25 ಅನ್ನುವ ಫೋನ್ ಕೂಡ ಬಂದಿದೆ.

ಕಾನೂನಿನ ಒಂದು ಅಡ್ಡಿಯೂ ಹಿಂದೆ ಇತ್ತು. 2014ರಲ್ಲಿ ಟೈಪೋ ಅನ್ನುವ ಕಂಪನಿ ಐಫೋನ್‌ಗೆ ಕೀಬೋರ್ಡ್ ಕವರ್ ತಂದಾಗ, ಗುಂಡಿಗಳ ವಿನ್ಯಾಸ ನಮ್ಮದು ಅಂತ ಬ್ಲ್ಯಾಕ್‌ಬೆರಿ ಕೋರ್ಟಿಗೆ ಹೋಯಿತು. 2015ರಲ್ಲಿ ರಾಜಿಯಾಗಿ, ಫೋನ್ ಅಳತೆಯ ಕೀಬೋರ್ಡ್ ಮಾರುವುದನ್ನು ಟೈಪೋ ನಿಲ್ಲಿಸಬೇಕಾಯಿತು. 2023ರಲ್ಲಿ ಬ್ಲ್ಯಾಕ್‌ಬೆರಿ ತನ್ನ ಮೊಬೈಲ್ ಪೇಟೆಂಟ್‌ಗಳ ದೊಡ್ಡ ಕಂತೆಯನ್ನು ಮಾಲಿಕಿ ಅನ್ನುವ ಕಂಪನಿಗೆ ಮಾರಿಬಿಟ್ಟಿತು. ಈಗ ಅದು ಫೋನ್ ಮಾರುವ ಕಂಪನಿಯೇ ಅಲ್ಲ, ಇದೇ ಸಂತೆಯಲ್ಲಿ ನಿಂತು ತನ್ನ ಗಿರಾಕಿಗಳನ್ನು ಉಳಿಸಿಕೊಳ್ಳಲು ಹೋರಾಡುವ ಅಗತ್ಯವೂ ಅದಕ್ಕಿಲ್ಲ.

ಇರುವುದೊಂದೇ ಫೋನಾ, ಎರಡನೇ ಫೋನಾ?

ಎರಡು ಫೋನ್‌ಗಳ ನಡುವಿನ ಮುಖ್ಯ ವ್ಯತ್ಯಾಸ ಇಲ್ಲಿದೆ. ಟೈಟನ್ 2 ನಿಮ್ಮ ಒಂದೇ ಫೋನ್ ಆಗಲು ಬಯಸುತ್ತದೆ. ಅದಕ್ಕೇ ದೊಡ್ಡ ಬ್ಯಾಟರಿ, ದೊಡ್ಡ ಸ್ಟೋರೇಜ್. ಕಮ್ಯುನಿಕೇಟರ್ ತಾನು ಎರಡನೇ ಫೋನ್ ಅಂತ ಬಾಯಿಬಿಟ್ಟೇ ಹೇಳಿಕೊಳ್ಳುತ್ತದೆ: ಸಿನಿಮಾ, ಆಟ, ಫೋಟೋಗೆ ನಿಮ್ಮ ದೊಡ್ಡ ಫೋನ್ ಇರಲಿ, ಮೇಲ್ ಮತ್ತು ಮೆಸೇಜ್‌ಗೆ ನಾನಿದ್ದೇನೆ. ಇದರ ಮುಖಪುಟದಲ್ಲಿ ಬಣ್ಣಬಣ್ಣದ ಆ್ಯಪ್ ಚಿತ್ರಗಳಿಲ್ಲ. ಬೇರೆ ಬೇರೆ ಆ್ಯಪ್‌ಗಳಿಂದ ಬಂದ ಮೆಸೇಜ್‌ಗಳು ಒಂದೇ ಪಟ್ಟಿಯಲ್ಲಿ ಕಾಣುತ್ತವೆ, ಅದನ್ನು ನಯಾಗರಾ ಲಾಂಚರ್ ಅನ್ನುವ, ಫೋನಿನ ಮುಖಪುಟ ಬದಲಿಸುವ ಆ್ಯಪ್ ಮಾಡುವವರ ಜೊತೆ ಸೇರಿ ಮಾಡಿದ್ದಾರೆ.

ಒಂದೇ ಫೋನ್ ಸಾಕು ಅನ್ನುವವರ ವಾದ ಸರಳ. ಎರಡು ಫೋನ್ ಅಂದರೆ ಎರಡು ಚಾರ್ಜ್, ಎರಡು ಸಿಮ್, ಎರಡು ರೀಚಾರ್ಜ್. ಜೊತೆಗೆ ವಾಟ್ಸ್ಆ್ಯಪ್ ಎಲ್ಲಿರಬೇಕು ಅನ್ನುವ ತಲೆನೋವು ಬೇರೆ. ಗಮನ ಚದುರುವುದನ್ನು ಕಡಿಮೆ ಮಾಡಲು ಇನ್ನೊಂದು ಸಾಧನ ಕೊಳ್ಳುವುದು ಎಲ್ಲರಿಗೂ ಒಗ್ಗುವ ಮಾತಲ್ಲ. ಈ ವಾದ ನನಗೆ ಗಟ್ಟಿ ಅನ್ನಿಸುತ್ತದೆ, ಅದರಲ್ಲೂ ಮನೆಯ ಖರ್ಚಿನಲ್ಲಿ ಲೆಕ್ಕ ಹಾಕಿ ಫೋನ್ ಕೊಳ್ಳುವವರಿಗೆ.

ಆದರೆ ಕೆಲಸಕ್ಕೆ ಅಂತಲೇ ಬೇರೆ ಫೋನ್ ಇಟ್ಟುಕೊಂಡವರು ಈಗಾಗಲೇ ಬಹಳ ಜನ ಇದ್ದಾರೆ. ಬೆಂಗಳೂರಿನ ಐಟಿ ಕೆಲಸಗಾರರಲ್ಲಿ, ಸೇಲ್ಸ್‌ನವರಲ್ಲಿ, ವಕೀಲರಲ್ಲಿ, ಡಾಕ್ಟರ್‌ಗಳಲ್ಲಿ ಇದು ಹೊಸದೇನಲ್ಲ. ಅವರ ಆ ಎರಡನೇ ಫೋನ್ ಸುಮ್ನೆ ಇನ್ನೊಂದು ಟಚ್‌ಸ್ಕ್ರೀನ್ ಫೋನ್. ಅದರ ಜಾಗದಲ್ಲಿ ಬರೆಯಲಿಕ್ಕೇ ಮಾಡಿದ ಫೋನ್ ಇದ್ದರೆ ಅವರಿಗೆ ಹೊಸ ಖರ್ಚೂ ಅಲ್ಲ, ಹೊಸ ಭಾರವೂ ಅಲ್ಲ. ಹಾಗಾಗಿ ಕಮ್ಯುನಿಕೇಟರ್ ಲೆಕ್ಕ ಕೂಡಿಬರುವುದು ಈಗಾಗಲೇ ಎರಡು ಫೋನ್ ಹಿಡಿದು ಓಡಾಡುವವರಿಗೆ ಮಾತ್ರ.

ಕೈಯಲ್ಲಿ ಹಿಡಿದರೆ

ಟೈಟನ್ 2 ಅಗಲವಾದ ಫೋನ್, ಸುಮಾರು 89 ಮಿಲಿಮೀಟರ್. ತೂಕ 235 ಗ್ರಾಂ ಆಸುಪಾಸು. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಆ ತುದಿಯ ಗುಂಡಿ ಒತ್ತುವುದು ಹೆಚ್ಚಿನವರಿಗೆ ಆಗದ ಕೆಲಸ. ಎರಡೂ ಕೈ ಬೇಕು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ ಇದು ದೊಡ್ಡ ತೊಂದರೆ. ಅದೇ ಅಗಲದಿಂದ ಲಾಭವೂ ಇದೆ: ಎಕ್ಸೆಲ್ ಶೀಟ್‌ನ ಕಾಲಮ್‌ಗಳು ಜಾಸ್ತಿ ಕಾಣುತ್ತವೆ, ಪಿಡಿಎಫ್‌ನ ಸಾಲು ಹಿಗ್ಗಿಸದೆ ಓದಬಹುದು, ಗುಂಡಿಗಳೂ ದೊಡ್ಡವು. ಚೌಕ ಪರದೆಯ ಕಷ್ಟ ಬೇರೆ ಕಡೆ ಬರುತ್ತದೆ. ಇವತ್ತಿನ ಆ್ಯಪ್‌ಗಳನ್ನೆಲ್ಲ ಉದ್ದ ಪರದೆ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿರುತ್ತಾರೆ. ಚೌಕದಲ್ಲಿ ಕೆಲವು ಆ್ಯಪ್‌ಗಳ ಕೆಳಗಿನ ಬಟನ್ ಮುಚ್ಚಿಹೋಗುತ್ತದೆ, ಕೆಲವು ಪಟ್ಟಿಗಳು ಮೂರು ಸಾಲಿಗೇ ಮುಗಿಯುತ್ತವೆ.

ಕಮ್ಯುನಿಕೇಟರ್ ಅಗಲ ಇದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕಡಿಮೆ, ತೂಕವೂ ಕಡಿಮೆ. ಒಂದು ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು. ಹೆಬ್ಬೆರಳಿನ ಅಳತೆಯಲ್ಲಿ ಅದು ದೊಡ್ಡದು. ಪರದೆಯೂ ಚೌಕಕ್ಕಿಂತ ಸ್ವಲ್ಪ ಉದ್ದ, 1080ಕ್ಕೆ 1200 ಪಿಕ್ಸೆಲ್.

ಎರಡರ ಗುಂಡಿಗಳೂ ಒತ್ತಲು ಮಾತ್ರ ಇರುವುದಲ್ಲ, ಮೇಲೆ ಬೆರಳು ಸವರಿದರೆ ಪುಟ ಜಾರುತ್ತದೆ. ಇದು ಹೇಳಿ ಮುಗಿಸುವಷ್ಟು ಚಿಕ್ಕ ಸೌಲಭ್ಯವಲ್ಲ. ಹಿಂದೆ ಕೀ2ಗೂ ಅಗ್ಗದ ಕೀ2 ಎಲ್‌ಇಗೂ ಕೀಬೋರ್ಡಿನಲ್ಲಿ ಇದ್ದ ದೊಡ್ಡ ಅಂತರ ಇದೇ: ಎಲ್‌ಇಯಲ್ಲಿ ಸವರುವ ಸೌಲಭ್ಯ ತೆಗೆದಿದ್ದರು. ನೋಡಲು ಒಂದೇ ತರಹ ಇದ್ದರೂ ಬಳಸಿದಾಗ ಬೇರೆ ಫೋನ್ ಅನ್ನಿಸುತ್ತಿತ್ತು. ಚಿಕ್ಕ ಪರದೆಯ ಮೇಲೆ ಬೆರಳಿಟ್ಟರೆ ಓದುತ್ತಿರುವ ಅಕ್ಷರವೇ ಮುಚ್ಚಿಹೋಗುತ್ತದೆ, ಗುಂಡಿಗಳ ಮೇಲೆ ಸವರಿದರೆ ಪರದೆ ಪೂರ್ತಿ ಕಾಣುತ್ತದೆ. ಪರದೆ ಚಿಕ್ಕದಾದಷ್ಟೂ ಇದರ ಬೆಲೆ ಗೊತ್ತಾಗುತ್ತದೆ.

ಗುಂಡಿಯಿಂದ ವೇಗ ಹೆಚ್ಚುತ್ತದಾ? ಟಚ್ ಕೀಬೋರ್ಡಿಗೆ ಕೈ ಪಳಗಿದವರಿಗೆ ಹೆಚ್ಚೋದಿಲ್ಲ ಅಂತಲೇ ಇಟ್ಟುಕೊಳ್ಳಿ. ಹೆಚ್ಚುವುದು ಖಚಿತತೆ. ಟಚ್ ಕೀಬೋರ್ಡ್ ನಿಮ್ಮ ಬೆರಳು ಎಲ್ಲಿ ಬಿತ್ತು ಅಂತ ಅಂದಾಜು ಮಾಡಿ, ಪದ ಊಹಿಸಿ, ತಾನೇ ತಿದ್ದುತ್ತದೆ. ಇಂಗ್ಲಿಷ್ ಪದಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಊರಿನ ಹೆಸರು, ಮನುಷ್ಯರ ಹೆಸರು, ಪಾರ್ಟ್ ನಂಬರ್, ಪಾಸ್‌ವರ್ಡ್, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡ ಇವೆಲ್ಲ ಬಂದಾಗ ಆ ಊಹೆ ತಪ್ಪುತ್ತದೆ. ಗುಂಡಿಗೆ ಅಂಚು ಇದೆ, ಉಬ್ಬು ಇದೆ. ಒತ್ತಿದ್ದು ಯಾವುದು ಅಂತ ನೋಡದೆಯೂ ಬೆರಳಿಗೆ ತಿಳಿಯುತ್ತದೆ, ಒತ್ತಿದ್ದೇ ಬರುತ್ತದೆ.

ಮುಂಗಡ ಕೊಟ್ಟರೆ ಹೊರೆ ಯಾರ ಮೇಲೆ

ಎರಡೂ ಫೋನ್‌ಗಳು ಜನರಿಂದ ಮೊದಲೇ ಹಣ ತೆಗೆದುಕೊಂಡು ಹುಟ್ಟಿದವು. ಕಿಕ್‌ಸ್ಟಾರ್ಟರ್ ತಾನು ಅಂಗಡಿಯಲ್ಲ ಅಂತ ಸ್ಪಷ್ಟವಾಗಿಯೇ ಹೇಳುತ್ತದೆ. ಅಲ್ಲಿ ನೀವು ವಸ್ತು ಕೊಳ್ಳುವುದಿಲ್ಲ, ವಸ್ತು ಮಾಡುವವರಿಗೆ ಕೈ ಜೋಡಿಸುತ್ತೀರಿ. ಮುಂಗಡದಿಂದ ಕಂಪನಿಯ ಹೊರೆ ಇಳಿಯುತ್ತದೆ, ಇಳಿದಷ್ಟು ಹೊರೆ ದುಡ್ಡು ಕೊಟ್ಟವರ ಹೆಗಲಿಗೆ ಬರುತ್ತದೆ. ಗುಂಡಿ ಫೋನ್‌ಗಳ ಚರಿತ್ರೆಯಲ್ಲಿ ಈ ಹೊರೆ ಬಹಳ ಸಲ ಭಾರವಾಗಿದೆ.

ಆನ್‌ವರ್ಡ್ ಮೊಬಿಲಿಟಿ ಅನ್ನುವ ಅಮೆರಿಕದ ಕಂಪನಿ 2020ರ ಆಗಸ್ಟ್‌ನಲ್ಲಿ 5ಜಿ ಬ್ಲ್ಯಾಕ್‌ಬೆರಿ ತರುತ್ತೇವೆ ಅಂತ ಘೋಷಿಸಿತು. 2021ರಲ್ಲಿ ಬರಬೇಕಿತ್ತು. 2022ರ ಫೆಬ್ರವರಿಯಲ್ಲಿ ಕಂಪನಿಯೇ ಮುಚ್ಚಿತು, ಒಂದು ಫೋನೂ ಹೊರಬರಲಿಲ್ಲ. ಎಫ್‌ಎಕ್ಸ್‌ಟೆಕ್ ಪ್ರೋ1 ಎಕ್ಸ್ ಅನ್ನುವ ಇನ್ನೊಂದು ಕೀಬೋರ್ಡ್ ಫೋನ್ 2020ರಲ್ಲಿ ಸ್ನ್ಯಾಪ್‌ಡ್ರ್ಯಾಗನ್ 835 ಚಿಪ್ ಇರುತ್ತದೆ ಅಂತ ಹಣ ಸೇರಿಸಿತು. ಆ ಚಿಪ್ ಸಿಗದೆ 662ಕ್ಕೆ ಇಳಿಯಬೇಕಾಯಿತು, ಫೋನ್ ಕೈಗೆ ಬಂದಿದ್ದೂ ಬಹಳ ತಡವಾಗಿ. ಇದರಲ್ಲಿ ಯಾರ ಮೋಸವೂ ಇರಲಿಕ್ಕಿಲ್ಲ. ಚಿಕ್ಕ ಕಂಪನಿ ಚಿಪ್ ಕೊಳ್ಳುವ ಸಾಲಿನಲ್ಲಿ ಕೊನೆಗೆ ನಿಂತಿರುತ್ತದೆ. ಮಾರುಕಟ್ಟೆಯಲ್ಲಿ ಚಿಪ್ ಕೊರತೆಯಾದರೆ ಮೊದಲು ಬರಿಗೈಯಾಗುವುದು ಅವರೇ.

ಈ ಲೆಕ್ಕದಲ್ಲಿ ಟೈಟನ್ 2 ಮುಂದಿದೆ. ಅದು ಬಂದಾಗಿದೆ, ಕೊಂಡವರು ಬಳಸುತ್ತಿದ್ದಾರೆ, ಅದರ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತಿದೆ. ಕಮ್ಯುನಿಕೇಟರ್ ತಂಡ ಕೀಬೋರ್ಡ್ ಕವರ್‌ಗಳನ್ನು ಹೇಳಿದ ಹಾಗೆ ಮಾಡಿ ತಲುಪಿಸಿದೆ, ಅದು ಅವರ ಪರವಾಗಿ ನಿಲ್ಲುವ ಮಾತು. ಆದರೆ ಕವರ್ ಮಾಡುವುದು ಬೇರೆ, ರೇಡಿಯೋ, ಕ್ಯಾಮೆರಾ, ಬ್ಯಾಟರಿ, ದೇಶ ದೇಶದ ಅನುಮತಿ ಎಲ್ಲ ಇರುವ ಫೋನ್ ಮಾಡುವುದು ಬೇರೆ.

ಅಪ್‌ಡೇಟ್ ಯಾಕೆ ಇಷ್ಟು ಮುಖ್ಯ

ಇವು ಕಚೇರಿ ಕೆಲಸದವರಿಗೆ ಅಂತ ಮಾಡಿದ ಫೋನ್‌ಗಳು. ಈಗ ಹೆಚ್ಚಿನ ಕಂಪನಿಗಳು ಉದ್ಯೋಗಿಯ ಫೋನಿನಲ್ಲಿ ಆಫೀಸ್ ಮೇಲ್ ತೆರೆಯಲು ಬಿಡುವ ಮೊದಲು ಆ ಫೋನಿನ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ಹಳೆಯದು ಅಂತ ನೋಡುತ್ತವೆ. ಅಪ್‌ಡೇಟ್ ನಿಂತು ಕೆಲವು ತಿಂಗಳಾದರೆ ಮೇಲ್ ಬಂದ್. ಬ್ಯಾಂಕ್ ಆ್ಯಪ್‌ಗಳೂ ಹಳೆಯ ಆಂಡ್ರಾಯ್ಡ್ ಅನ್ನು ಒಂದೊಂದಾಗಿ ಕೈಬಿಡುತ್ತವೆ. ಆಗ ಕಚೇರಿ ಫೋನ್ ಅಂತ ಕೊಂಡದ್ದು ಕಚೇರಿಗೇ ಆಗುವುದಿಲ್ಲ. ಕೀ2ಗೆ ಆಗಿದ್ದು ಇದೇ.

ಯೂನಿಹರ್ಟ್ಸ್‌ಗೆ ಈ ವಿಷಯದಲ್ಲಿ ಒಳ್ಳೆಯ ಹೆಸರಿಲ್ಲ. ಅವರು ವರ್ಷಕ್ಕೆ ಹಲವು ಹೊಸ ಮಾಡೆಲ್ ತರುತ್ತಾರೆ, ತಂಡ ಚಿಕ್ಕದು, ಹಾಗಾಗಿ ಹಳೆಯ ಮಾಡೆಲ್‌ಗಳು ಹಿಂದೆ ಬೀಳುತ್ತವೆ. ಟೈಟನ್ 2 ಆಂಡ್ರಾಯ್ಡ್ 15ರೊಂದಿಗೆ ಬಂದಿದೆ, ಕೊಂಡ ಹೊತ್ತಿಗೆ ಅದು ಚೆನ್ನಾಗಿಯೇ ಇದೆ. ಮೂರನೇ ವರ್ಷದ ಪ್ರಶ್ನೆ ಬೇರೆ. ಕಮ್ಯುನಿಕೇಟರ್ ಆಂಡ್ರಾಯ್ಡ್ 16ರೊಂದಿಗೆ ಬರಲಿದೆ, ಐದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಅಂತ ಕಂಪನಿ ಹೇಳಿದೆ. ಮಾತು ಉಳಿದರೆ ಈ ಒಂದೇ ಕಾರಣಕ್ಕೆ ಅದು ಗೆಲ್ಲುತ್ತದೆ. ಆದರೆ ಐದು ವರ್ಷ ಅಪ್‌ಡೇಟ್ ಕೊಡಲು ಕಂಪನಿ ಐದು ವರ್ಷ ಉಳಿಯಬೇಕು, ಅದಕ್ಕೆ ಫೋನ್ ಸಾಕಷ್ಟು ಮಾರಾಟವಾಗಬೇಕು.

ಇಲ್ಲಿಗೆ ತರಿಸಿಕೊಂಡರೆ

ಡಾಲರ್‌ಗೆ 90 ರೂಪಾಯಿ ಹಿಡಿದರೆ 399 ಡಾಲರ್ ಅಂದರೆ ಸುಮಾರು 36,000 ರೂಪಾಯಿ, 499 ಅಂದರೆ ಸುಮಾರು 45,000. ಇದು ಅಲ್ಲಿಯ ಬೆಲೆ. ಇದರ ಮೇಲೆ ಕೊರಿಯರ್, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರುತ್ತದೆ. ಇಲ್ಲಿ ಅಧಿಕೃತವಾಗಿ ಮಾರದ ಫೋನ್‌ಗೆ ಇಲ್ಲಿ ವಾರಂಟಿ ಇರುವುದಿಲ್ಲ. ಒಂದು ಗುಂಡಿ ಕಿತ್ತುಬಂದರೂ ಬಿಡಿಭಾಗ ಪರದೇಶದಿಂದಲೇ ಬರಬೇಕು. ಮಾಮೂಲಿ ಫೋನಿನ ಪರದೆ ಒಡೆದರೆ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸಿಗುತ್ತದೆ, ಇದರದು ಸಿಗುವುದು ಕಷ್ಟ.

ಹಣಕ್ಕಿಂತ ದೊಡ್ಡ ವಿಷಯ ಕರೆ. ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ. ಅದರಲ್ಲಿ ಮಾತು ಸಾಗುವುದು ವೋಲ್ಟಿ ಮೂಲಕ, ಅಂದರೆ 4ಜಿ ಇಂಟರ್ನೆಟ್ ಜಾಲದ ಮೇಲೇ ಕರೆಯೂ ಹೋಗುವ ಏರ್ಪಾಡು. ಫೋನಿನಲ್ಲಿ ಜಿಯೋಗೆ ಬೇಕಾದ ವೋಲ್ಟಿ ಸೆಟ್ಟಿಂಗ್ ಇಲ್ಲದಿದ್ದರೆ ಇಂಟರ್ನೆಟ್ ಓಡುತ್ತದೆ, ವಾಟ್ಸ್ಆ್ಯಪ್ ಓಡುತ್ತದೆ, ಸಾಮಾನ್ಯ ಕರೆ ಮಾತ್ರ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಏರ್‌ಟೆಲ್‌ನಲ್ಲಿ ಕರೆ 2ಜಿಗೆ ಇಳಿದು ಹೇಗೋ ನಡೆಯಬಹುದು. ಇಲ್ಲಿ ಮಾರಲು ಮಾಡಿದ ಫೋನ್‌ಗಳಲ್ಲಿ ಇದನ್ನೆಲ್ಲ ಮೊದಲೇ ಪರೀಕ್ಷಿಸಿರುತ್ತಾರೆ, ಹಾಗಾಗಿ ನಾವು ಯೋಚಿಸುವುದೇ ಇಲ್ಲ. ಹೊರಗಿನಿಂದ ತರಿಸುವಾಗ ಮಾತ್ರ, ನಿಮ್ಮದೇ ಸಿಮ್ ಕಂಪನಿಯಲ್ಲಿ ಆ ಫೋನ್ ಬಳಸುತ್ತಿರುವ ಒಬ್ಬರನ್ನಾದರೂ ಹುಡುಕಿ ಕೇಳಿ, ಆಮೇಲೆ ದುಡ್ಡು ಕಟ್ಟಿ. ಟೈಟನ್ 2 ಬಗ್ಗೆ ಹೀಗೆ ಕೇಳಲು ಜನ ಸಿಗುತ್ತಾರೆ. ಕಮ್ಯುನಿಕೇಟರ್ ಬಗ್ಗೆ ಕೇಳಲು ಅದು ಬರುವ ತನಕ ಕಾಯಲೇಬೇಕು.

ಕನ್ನಡ ಬರೆಯುವವರಿಗೆ

ಟಚ್ ಕೀಬೋರ್ಡಿನಲ್ಲಿ ಭಾಷೆ ಬದಲಿಸಿದರೆ ಗುಂಡಿಯ ಮೇಲಿನ ಅಕ್ಷರವೂ ಬದಲಾಗುತ್ತದೆ. ಜಾಬ್ಸ್ ಎತ್ತಿದ ಆಕ್ಷೇಪದ ನಿಜವಾದ ಬಿಸಿ ತಟ್ಟುವುದು ಇಲ್ಲಿ, ನಮ್ಮಂಥವರಿಗೆ. ಪ್ಲಾಸ್ಟಿಕ್ ಮೇಲೆ ಅಚ್ಚಾದ ಇಂಗ್ಲಿಷ್ ಅಕ್ಷರ ಹಾಗೇ ಇರುತ್ತದೆ. ಕನ್ನಡಕ್ಕಾಗಿ ಪರದೆಯ ಮೇಲಿನ ಕೀಬೋರ್ಡ್ ತೆರೆದರೆ ಚೌಕ ಪರದೆಯ ಅರ್ಧದಷ್ಟು ಅದಕ್ಕೇ ಹೋಗುತ್ತದೆ, ಕೆಳಗಿರುವ ಗುಂಡಿಗಳು ಸುಮ್ನೆ ಕೂತಿರುತ್ತವೆ. ಬರೆಯಲಿಕ್ಕೆ ಅಂತ ಕೊಂಡ ಫೋನಿನಲ್ಲಿ ನಮ್ಮ ಭಾಷೆ ಬರೆಯುವುದೇ ಎಲ್ಲಕ್ಕಿಂತ ಕಷ್ಟವಾದರೆ ಏನು ಬಂತು?

ಇದಕ್ಕೆ ಪರಿಹಾರ ನಮ್ಮಲ್ಲೇ ಇದೆ, ಮತ್ತು ಅದು ಹಳೆಯದು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲೆಲ್ಲ ಹರಡಿದ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರಗಳ ಮೇಲೇ ಕೂರುತ್ತದೆ. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಜಿ ಒತ್ತಿದರೆ ಗ. ಎಫ್ ಒತ್ತಿದರೆ ಒತ್ತಕ್ಷರ ಮೂಡಿಸುವ ಕೊಂಡಿ. ‘ಕನ್ನಡ’ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡಕ್ಕೆ ತಿರುಗಿಸಬೇಕಾದರೆ ಏಳು ಅಕ್ಷರ ಬೇಕು, ಆಮೇಲೆ ಸರಿಯಾದ ಪದ ಆರಿಸುವ ಕೆಲಸ ಬೇರೆ. ಈ ವಿನ್ಯಾಸಕ್ಕೆ ಅಂಕಿಗಳ ಸಾಲು ಬೇಕಿಲ್ಲ, ಹೆಚ್ಚಿನ ಗುಂಡಿ ಬೇಕಿಲ್ಲ, ಊಹೆ ಮಾಡುವ ಸಾಫ್ಟ್‌ವೇರೂ ಬೇಕಿಲ್ಲ. ಚಿಕ್ಕ ಗುಂಡಿ ಫೋನಿಗೆ ಇದಕ್ಕಿಂತ ಹೊಂದುವ ವಿನ್ಯಾಸ ಸಿಗುವುದು ಕಷ್ಟ. ನುಡಿಯಲ್ಲಿ ಕೈ ಪಳಗಿದ ಗುಮಾಸ್ತರು, ಪತ್ರಕರ್ತರು, ಡಿಟಿಪಿ ಕೆಲಸದವರು ಗುಂಡಿ ನೋಡದೆಯೇ ಬರೆಯಬಲ್ಲರು. ಅವರ ಮಟ್ಟಿಗೆ ಗುಂಡಿಯ ಮೇಲೆ ಯಾವ ಭಾಷೆಯ ಅಕ್ಷರ ಇದೆ ಅನ್ನುವುದು ತೊಡಕೇ ಅಲ್ಲ.

ಬೇಕಾಗಿರುವುದು ಫೋನಿನ ಗುಂಡಿಗಳನ್ನು ಓದುವ ತಂತ್ರಾಂಶದಲ್ಲಿ ಈ ವಿನ್ಯಾಸವೂ ಇರುವುದು, ಮತ್ತು ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಒಂದು ಶಾರ್ಟ್‌ಕಟ್. ಲಿನಕ್ಸ್ ಕಂಪ್ಯೂಟರುಗಳಲ್ಲಿ ಕ-ಗ-ಪ ಹೆಸರಿನಲ್ಲಿ ಇದು ವರ್ಷಗಳಿಂದ ಇದೆ. ಯಾವ ಅಕ್ಷರ ಎಲ್ಲಿ ಅನ್ನುವ ಪಟ್ಟಿ ಎಲ್ಲರಿಗೂ ತೆರೆದಿದೆ, ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ. ಆದರೆ ಯಾರೂ ಕೇಳದೆ ಶಾಂಘಾಯ್‌ನವರಿಗಾಗಲಿ ಕ್ಲಿಕ್ಸ್‌ನವರಿಗಾಗಲಿ ಇದು ಹೊಳೆಯುವುದಿಲ್ಲ. ಟೈಟನ್ 2 ಬಳಸುವವರು ಅಪ್‌ಡೇಟ್‌ನಲ್ಲಿ ಇದನ್ನು ಸೇರಿಸಿ ಅಂತ ಕೇಳಬಹುದು. ಕಮ್ಯುನಿಕೇಟರ್‌ನ ಸಾಫ್ಟ್‌ವೇರ್ ಕೆಲಸ ಇನ್ನೂ ನಡೆಯುತ್ತಿದೆ, ಮುಂಗಡ ಕಟ್ಟಿದ ಗಿರಾಕಿಗಳ ಮಾತನ್ನು ಕಂಪನಿ ಕಿವಿಗೊಟ್ಟು ಕೇಳುವ ಹೊತ್ತು ಇದು. ಹಣ ಕಟ್ಟಿರುವ ಕನ್ನಡಿಗರು ಬೆಂಗಳೂರಿನಲ್ಲಿರಲಿ, ಅಮೆರಿಕದಲ್ಲಿರಲಿ, ಫೋನ್ ಬಾಕ್ಸಿಗೆ ಹೋಗುವ ಮೊದಲೇ ಒಂದು ಮೇಲ್ ಬರೆದು ಕ-ಗ-ಪ ವಿನ್ಯಾಸ ಬೇಕು ಅಂತ ಹೇಳಬೇಕು.